ಆರುನೂರು ಮಂದಿಯ ಒಪ್ಪಿಗೆ

ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಬಂದ ಸಂಸದರ ತಲೆಗೆ ರುಮಾಲು ಸುತ್ತಿದವನು ನಾನೇ. ಬೇರೆ ಯಾರಾದರೂ ಸುತ್ತಿದ್ದರೆ ಈಗ ಅವರ ಮೇಲೆ ಹರಿಹಾಯ್ದು ಹಗುರಾಗಬಹುದಿತ್ತು. ಸಂಘದ ಅಧ್ಯಕ್ಷನೂ ನಾನೇ, ಅವರನ್ನೇ ಕರೆಯಬೇಕು ಅಂತ ಹಟ ಹಿಡಿದವನೂ ನಾನೇ, ಇಲ್ಲಿನ ಕನ್ನಡಿಗರಲ್ಲಿ ರುಮಾಲು ಸುತ್ತಲು ಬರುವುದೂ ನನಗೊಬ್ಬನಿಗೇ. ಇರಲಾರದೆ ಇರುವೆ ಬಿಟ್ಟುಕೊಂಡರು ಅಂತಾರಲ್ಲ, ಅಂಥ ಕೆಲಸ.

ನಾವಿರುವ ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಸಂಸದರು ಯಾರೆಂದು ಗೊತ್ತಾಗುತ್ತದೆ. ಅವರದೇನೂ ತಪ್ಪಿಲ್ಲ, ಅದೇ ನನ್ನ ಸಂಕಟ. ಜರ್ಮನಿಯ ದಕ್ಷಿಣದಲ್ಲಿ, ಕಾರಿನ ಬಿಡಿಭಾಗ ಮಾಡುವ ಒಂದು ಫ್ಯಾಕ್ಟರಿಯ ಸುತ್ತ ಬೆಳೆದ ಸಣ್ಣ ಊರು ಅಂದುಕೊಂಡರೆ ಸಾಕು. ಮೊದಲ ಎಂಟು ವರ್ಷ ಇದೇ ದೇಶದ ಇನ್ನೊಂದು ಊರಾದ ಅಬ್‌ಸ್ಟಾಟ್‌ನಲ್ಲಿ ದುಡಿದು ಇಲ್ಲಿಗೆ ಬಂದವನು ನಾನು. ನಾನೂ ನನ್ನ ಹೆಂಡತಿಯೂ ಬಾಗಲಕೋಟೆ ಕಡೆಯವರು. ಈ ದೇಶಕ್ಕೆ ಬಂದು ಇಪ್ಪತ್ತಾರು ವರ್ಷವಾದರೂ ಇಬ್ಬರ ಕೈಯಲ್ಲೂ ಭಾರತದ ಪಾಸ್‌ಪೋರ್ಟೇ ಇದೆ. ಇಲ್ಲಿಯದು ತೆಗೆದುಕೊಂಡರೆ ಅಲ್ಲಿಯದನ್ನು ಒಪ್ಪಿಸಬೇಕು, ಒಪ್ಪಿಸಲು ಮನಸ್ಸು ಬರಲಿಲ್ಲ. ಹೀಗಾಗಿ ನಮಗೆ ಇಲ್ಲಿ ಓಟಿಲ್ಲ. ಮಗಳು ಇಲ್ಲೇ ಹುಟ್ಟಿ ಬೆಳೆದು ಇಲ್ಲಿಯ ಪ್ರಜೆಯಾದವಳು. ನಮಗಿರುವುದು ಅವಳೊಬ್ಬಳೇ.

ಶಾಲೆ ಮುಗಿದ ಬೇಸಿಗೆಯಲ್ಲಿ ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಒಂದು ವರ್ಷ ಸೈನ್ಯದಲ್ಲಿ ಸ್ವಯಂಸೇವೆಗೆ ಸೇರುತ್ತೇನೆ ಅಂದಳು. ವೈದ್ಯಕೀಯ ದಳ, ಒಳ್ಳೆಯ ತರಬೇತಿ, ಆಮೇಲೆ ನರ್ಸಿಂಗ್ ಓದು. ವರ್ಷ ಮುಗಿದ ಮೇಲೆ ಹೆಸರು ಮೀಸಲು ಪಡೆಯಲ್ಲಿ ಇರುತ್ತದೆ, ವರ್ಷಕ್ಕೆ ಎರಡು ಮೂರು ವಾರ ಹೋಗಿ ಬಂದರಾಯಿತು. ಹೆಂಡತಿ ಕೈಯಲ್ಲಿದ್ದ ಸೌಟು ಅಲ್ಲೇ ಇಟ್ಟು ನನ್ನ ಮುಖ ನೋಡಿದಳು.

"ನಿಮ್ಮ ಅಣ್ಣಾರನ್ನ ಕಂಡೂ ಹೂಂ ಅಂತೀರೇನ್ರಿ?" ಅಂದಳು.

ನನ್ನ ಅಣ್ಣ ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ. ವರ್ಷದಲ್ಲಿ ಒಂದೆರಡು ತಿಂಗಳು ಖಾಕಿ ತೊಟ್ಟು ಬೆಳಗಾವಿಯಲ್ಲಿ ಕವಾಯತು ಮಾಡಿ ಬರುವ ಮೀಸಲು ಸಿಪಾಯಿಯೂ ಆಗಿದ್ದ. ಗಡಿಯಲ್ಲಿ ಗದ್ದಲವೆದ್ದ ಒಂದು ವರ್ಷ ಅವನಿಗೆ ಕಾಗದ ಬಂತು, ಮೂರನೆಯ ದಿನ ರೈಲು ಹತ್ತಿದ. ಕಳಿಸಲೋ ಬೇಡವೋ ಅಂತ ಯಾರೂ ಯಾರನ್ನೂ ಕೇಳಲಿಲ್ಲ, ಕೇಳುವ ಪದ್ಧತಿ ಇರಬಹುದೆಂಬ ಯೋಚನೆ ಕೂಡ ನಮಗಿರಲಿಲ್ಲ. ತಿರುಗಿ ಬಂದ, ಮೈಯಲ್ಲಿ ಒಂದು ಗಾಯವಿರಲಿಲ್ಲ. ಆದರೆ ಆಮೇಲೆ ಅವನು ಊಟಕ್ಕೆ ಬಿಟ್ಟರೆ ಬೇರೆ ಯಾತಕ್ಕೂ ಬಾಯಿ ತೆರೆಯಲಿಲ್ಲ. ಹಾಗೇ ಹನ್ನೊಂದು ವರ್ಷ ಇದ್ದು ತೀರಿಕೊಂಡ.

ಅಂಥದ್ದನ್ನು ಕಣ್ಣಾರೆ ಕಂಡ ನಾನು ಅಡುಗೆಮನೆಯಲ್ಲಿ ನಿಂತು ಹೆಂಡತಿಗೆ ಕಾಯ್ದೆಯ ಪಾಠ ಹೇಳಿದೆ.

"ಇಲ್ಲಿ ಹಂಗ ಇಲ್ಲ. ಬಂದೂಕ ಕೊಟ್ಟು ಒಬ್ಬ ಸಿಪಾಯಿನ್ನ ಹೊರದೇಶಕ್ಕ ಕಳಸಬೇಕಂದ್ರೂ ಬುಂಡೆಸ್‌ಟಾಗ್ ಒಪ್ಪಬೇಕು, ಅಂದ್ರ ಇವರ ಲೋಕಸಭಾ. ಆರುನೂರು ಮಂದಿ ಕುಂತು ಚರ್ಚಾ ಮಾಡಿ, ಒಬ್ಬೊಬ್ಬರು ತಮ್ಮ ಹೆಸರಿನ ಚೀಟಿ ಹಾಕಬೇಕು. ಇದು ಸರಕಾರದ ಸೈನ್ಯ ಅಲ್ಲ, ಪಾರ್ಲಿಮೆಂಟಿನ ಸೈನ್ಯ. ಮಂತ್ರಿ ಮನಸಿಗೆ ಬಂದಂಗ ನಡಿಯಂಗಿಲ್ಲ."

"ಆ ಆರುನೂರು ಮಂದ್ಯಾಗ ನಿಮ್ಮ ಗುರ್ತಿನವ್ರು ಎಷ್ಟು ಮಂದಿ ಅದಾರ?"

"ಗುರ್ತು ಯಾಕ ಬೇಕು? ಕಾಯ್ದೆ ಐತಿ."

ಮಗಳು ನಕ್ಕಳು. ಪಪ್ಪ ಸಂವಿಧಾನ ಓದಿಕೊಂಡಿದ್ದಾರೆ ಅಂತ ಜರ್ಮನ್‌ನಲ್ಲಿ ಅಂದಳು. ಓಟಿಲ್ಲದವನಿಗೆ ಸಂವಿಧಾನ ಓದುವ ಚಟ ಹೆಚ್ಚು. ಹೆಂಡತಿ ಸೌಟು ಎತ್ತಿಕೊಂಡು ಒಲೆಯ ಕಡೆ ತಿರುಗಿದಳು, ನಾನು ಗೆದ್ದೆ.

ವರ್ಷ ಕಳೆಯಿತು, ಓದು ಮುಗಿಯಿತು. ಮಗಳು ರೇಗನ್ಸ್‌ಬರ್ಗ್‌ನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರಿನ ನರ್ಸ್ ಆದಳು. ಪ್ರತಿ ವರ್ಷ ಮೀಸಲು ಪಡೆಯ ವಾರಗಳಿಗೆ ಹೋಗುತ್ತಿದ್ದಳು, ಮೊಣಕೈ ತರಚಿಕೊಂಡು, ಬಿಸಿಲಿಗೆ ಕಪ್ಪಾಗಿ, ಹಸಿದುಕೊಂಡು ಬರುತ್ತಿದ್ದಳು. ನಾನು ಸಮವಸ್ತ್ರದಲ್ಲಿರುವ ಅವಳ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡೆ. ಫ್ಯಾಕ್ಟರಿಯಲ್ಲಿ ನಾಲ್ಕು ಮಂದಿಗೆ ತೋರಿಸಿದ್ದೂ ಉಂಟು. ಅವಳಿಗೆ ಮಾತ್ರ ಆ ಫೋಟೋ ನನ್ನ ಹತ್ತಿರ ಇದೆ ಅಂತ ಹೇಳಿರಲಿಲ್ಲ. ನಮ್ಮ ಮನೆತನದಲ್ಲಿ ಮಕ್ಕಳನ್ನು ಎದುರಿಗೆ ಹೊಗಳುವ ರೂಢಿಯಿಲ್ಲ, ಬೈಯುವ ರೂಢಿ ಬೇಕಾದಷ್ಟಿದೆ.

ಕಳೆದ ಶರತ್ಕಾಲದಲ್ಲಿ ಇಲ್ಲಿನ ಸಚಿವ ಸಂಪುಟ ಒಂದು ದೂರದ ದೇಶಕ್ಕೆ ಪಡೆ ಕಳಿಸಲು ತೀರ್ಮಾನಿಸಿತು. ಯಾವ ದೇಶ ಎನ್ನುವುದು ಬೇಡ. ಗುಂಡು ಹಾರುವ ಜಾಗ, ಪಡೆಗೂ ಗುಂಡು ಹಾರಿಸುವ ಅಧಿಕಾರ. ಗಾಯಾಳುಗಳಿಗೆ ಆಸ್ಪತ್ರೆ ಬೇಕು, ಆಸ್ಪತ್ರೆಗೆ ಕೈಗಳು ಬೇಕು, ಅದಕ್ಕೆ ಮೀಸಲು ಪಡೆಯಿಂದಲೂ ಜನ. ಸುದ್ದಿ ಓದಿದ ಎರಡನೆಯ ದಿನ ಮಧ್ಯಾಹ್ನ ಮಗಳ ಫೋನ್ ಬಂತು. ನನ್ನ ಹೆಸರು ಕೊಟ್ಟಿದ್ದೇನೆ ಅಂದಳು.

ಯಾವಾಗ ಹೋಗುವುದು ಅಂತ ಕೇಳಿದೆ.

"ಬುಂಡೆಸ್‌ಟಾಗ್ ಒಪ್ಪಿದ ಮ್ಯಾಲೆ, ಪಪ್ಪಾ."

ಬೇಡ ಅನ್ನುವ ಮಾತು ನನ್ನ ಗಂಟಲಿನವರೆಗೂ ಬಂದಿತ್ತು. ಅಂದು ಅಡುಗೆಮನೆಯಲ್ಲಿ ಅಷ್ಟು ದೊಡ್ಡ ಮಾತಾಡಿ ಸೈನ್ಯಕ್ಕೆ ಕಳಿಸಿದವನು ಇವತ್ತು ಯಾವ ಬಾಯಿಂದ ಬೇಡ ಅನ್ನಲಿ? ಅಂದರೂ ಇಪ್ಪತ್ತೈದರ ಹುಡುಗಿ ಕೇಳುತ್ತಾಳೆಯೇ? ಅದಕ್ಕಿಂತ ಹೆಚ್ಚಾಗಿ, ಬೇಡ ಅನ್ನಲು ಆರುನೂರು ಮಂದಿ ಇದ್ದಾರಲ್ಲ ಅನ್ನುವ ಧೈರ್ಯ. "ಸರಿ, ನೋಡೋಣು" ಅಂದೆ. ಅವಳೂ ಸರಿ ಅಂದು ಫೋನ್ ಇಟ್ಟಳು. ಆಮೇಲೆ ಅವಳ ತಾಯಿ ಫೋನ್ ಮಾಡಿ ಅತ್ತು ಕರೆದು, ಹೋಗಬೇಡ ಅಂತ ಹತ್ತು ಸಲ ಹೇಳಿದಳು. ನಾನು ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಂಡೆ.

ಆಗ ನನ್ನ ತಲೆಗೆ ಹೊಳೆದದ್ದು ರಾಜ್ಯೋತ್ಸವ. ಸಮಿತಿಯವರು ಪೇಟೆಯ ಮೇಯರನ್ನು ಮುಖ್ಯ ಅತಿಥಿಯಾಗಿ ಕರೆಯೋಣ ಅಂದಿದ್ದರು. ಬೇಡ, ನಮ್ಮ ಕ್ಷೇತ್ರದ ಸಂಸದರನ್ನೇ ಕರೆಯೋಣ ಅಂದೆ. ಏನು ಸರ್, ಒಮ್ಮೆಲೇ ಪಾರ್ಲಿಮೆಂಟ್ ಲೆವೆಲ್ಲಿಗೆ ಹೋಗಿಬಿಟ್ರಿ ಅಂತ ಹುಡುಗರು ತಮಾಷೆ ಮಾಡಿದರು. ನಿಜವಾದ ಕಾರಣ ಯಾರಿಗೂ ಹೇಳಲಿಲ್ಲ. ಕಾಯ್ದೆ ಇದ್ದರೆ ಸಾಕು, ಗುರ್ತು ಯಾಕೆ ಅಂದವನು ಗುರ್ತು ಮಾಡಿಕೊಳ್ಳಲು ಹೊರಟಿದ್ದೆ ಅಂತ ಯಾವ ಮುಖದಿಂದ ಹೇಳಲಿ! ಸಂಸದರು ಒಪ್ಪಿ ಮರುದಿನವೇ ಉತ್ತರ ಬರೆದರು. ಓಟಿನ ದಿನ ನಿಗದಿಯಾಗಿದ್ದು ಗುರುವಾರ, ನಮ್ಮ ಕಾರ್ಯಕ್ರಮ ಅದರ ಹಿಂದಿನ ಶನಿವಾರ. ದೇವರೇ ಹೊಂದಿಸಿ ಕೊಟ್ಟ ಅಂದುಕೊಂಡೆ.

ಊರಿನ ಶಾಲೆಯ ವ್ಯಾಯಾಮದ ಹಾಲ್ ಬಾಡಿಗೆಗೆ ಹಿಡಿದಿದ್ದೆವು. ರಜೆಗೆ ಊರಿಗೆ ಹೋದವರೊಬ್ಬರಿಂದ ಹಾವೇರಿಯ ಏಲಕ್ಕಿ ಮಾಲೆ ತರಿಸಿದ್ದೆ. ಶಾಲು, ಹಣ್ಣಿನ ಬುಟ್ಟಿ ಎಲ್ಲ ಇತ್ತು. ಹೊಲಿದ ಮೈಸೂರು ಪೇಟ ತಂದರೆ ಟೋಪಿಯ ಹಾಗೆ ಇಟ್ಟು ಮುಗಿಸಬಹುದಿತ್ತು. ನಾನು ಬೇಕೆಂದೇ ರುಮಾಲು ಇಟ್ಟುಕೊಂಡೆ. ಸುತ್ತಲು ಐದು ನಿಮಿಷ ಬೇಕು, ವೇದಿಕೆಯ ಮೇಲೆ ಸುತ್ತಲು ಆಗುವುದಿಲ್ಲ, ಒಳಗೆ ಸುತ್ತಿಯೇ ಕರೆತರಬೇಕು ಅಂತ ಎಲ್ಲರನ್ನೂ ನಂಬಿಸಿದೆ. ಐದು ನಿಮಿಷ ಒಬ್ಬ ಸಂಸದರ ತಲೆ ನನ್ನ ಎರಡು ಕೈಗಳ ನಡುವೆ ಇರುತ್ತದೆ. ಅಷ್ಟು ಸಾಕಿತ್ತು.

ಮಕ್ಕಳು ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಅವರು ಕೂತರು. ಎತ್ತರದ ಮನುಷ್ಯ, ನೆತ್ತಿಯಲ್ಲಿ ಕೂದಲು ಕಡಿಮೆ. ಬಿಗಿಯಾಯಿತೇ ಅಂತ ಕೇಳಿದೆ, ಇಲ್ಲ, ಚೆನ್ನಾಗಿದೆ ಅಂದರು. ಮೊದಲ ಸುತ್ತು ಹಾಕುತ್ತ ಮಾತು ಶುರು ಮಾಡಿದೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ದೊಡ್ಡವರ ಹತ್ತಿರ ಕೆಲಸಕ್ಕೆ ಹೋದವರು ಕೆಲಸ ಏನೆಂದು ಹೇಳುವುದಿಲ್ಲ. ನನ್ನ ಚಿಕ್ಕಪ್ಪನ ವರ್ಗಾವಣೆಗಾಗಿ ಅಪ್ಪ ಶಾಸಕರ ಮನೆಗೆ ಹೋದಾಗ ನನ್ನನ್ನೂ ಕರೆದೊಯ್ದಿದ್ದ. ಜಗಲಿಯ ಮೇಲೆ ಕೂತು ಮಳೆ, ಬಿಳಿಜೋಳ, ಶಾಸಕರ ತಾಯಿಯ ಮಂಡಿನೋವು ಎಲ್ಲ ಮಾತಾಡಿದ. ತಮ್ಮ ಬೀದರಿನಲ್ಲಿದ್ದಾನೆ, ಅವ್ವ ಇಲ್ಲಿ ಹಾಸಿಗೆ ಹಿಡಿದಿದ್ದಾಳೆ ಅಂದ. ಕೊನೆಗೆ ಎದ್ದು ನಿಂತು, "ಎಲ್ಲಾ ನಿಮ್ಮ ಕೈಯಾಗ ಐತ್ರಿ, ಸಾಹೇಬ್ರ" ಅಂತ ಕೈಮುಗಿದ. ಅಷ್ಟೇ. ತಿಂಗಳೊಳಗೆ ಚಿಕ್ಕಪ್ಪ ಊರಿಗೆ ಬಂದ. ಬಾಯಿಬಿಟ್ಟು ಕೇಳಿದರೆ ಕೇಳಿದವನೂ ಸಣ್ಣವನಾಗುತ್ತಾನೆ, ಇಲ್ಲ ಅನ್ನಬೇಕಾಗಿ ಬಂದರೆ ಕೇಳಿಸಿಕೊಂಡವನಿಗೂ ಮುಜುಗರ. ಸೂಚನೆ ಕೊಟ್ಟರೆ ದೊಡ್ಡವರು ತಿಳಿದುಕೊಳ್ಳುತ್ತಾರೆ, ತಿಳಿದುಕೊಳ್ಳಲಾರದವರು ದೊಡ್ಡವರೇ ಅಲ್ಲ. ಇದು ನನ್ನ ರಕ್ತದಲ್ಲೇ ಇರುವ ಪಾಠ.

ಆ ಪಾಠವನ್ನೇ ನಾನು ಒಳ್ಳೆಯ ಜರ್ಮನ್‌ನಲ್ಲಿ ಒಪ್ಪಿಸಿದೆ. ನಮಗೆ ಒಬ್ಬಳೇ ಮಗಳು ಅಂದೆ. ರೇಗನ್ಸ್‌ಬರ್ಗ್‌ನಲ್ಲಿ ನರ್ಸ್, ಮೀಸಲು ಪಡೆಯಲ್ಲಿದ್ದಾಳೆ, ಹೆಸರು ಕೊಟ್ಟಿದ್ದಾಳೆ ಅಂದೆ. ಅವಳ ತಾಯಿ ಸರಿಯಾಗಿ ಊಟ ಮಾಡುತ್ತಿಲ್ಲ ಅಂದೆ. ಮೊಬೈಲ್ ತೆಗೆದು ಸಮವಸ್ತ್ರದ ಫೋಟೋ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಗುರುವಾರ ನೀವು ಓಟು ಹಾಕುತ್ತೀರಿ, ಎಲ್ಲ ನಿಮ್ಮ ಕೈಯಲ್ಲಿದೆ ಅಂದೆ. ನಿಮಗೆ ಹೆಮ್ಮೆಯಾಗುತ್ತಿರಬೇಕು ಅಂದರು ಅವರು. ಸನ್ಮಾನಕ್ಕೆ ಕರೆದ ಅತಿಥಿ ತಲೆಬಗ್ಗಿಸಿ ಕೂತಿರುವಾಗ, ನನ್ನ ಮಗಳನ್ನು ಹೊಗಳುವಾಗ, ಇಲ್ಲ ಅಂತ ಹೇಗೆ ಅನ್ನಲಿ? ಹೌದು, ಖಂಡಿತ ಅಂದೆ.

ರುಮಾಲಿನ ತುದಿ ಸಿಕ್ಕಿಸಿ ಮುಗಿಸಿದಾಗ ಅವರು ಎದ್ದು ನನ್ನ ಎರಡೂ ಕೈ ಹಿಡಿದುಕೊಂಡರು. ಕಣ್ಣು ಸ್ವಲ್ಪ ಒದ್ದೆಯಾಗಿತ್ತು, ಸುಳ್ಳು ಹೇಳುವುದಿಲ್ಲ. ನಿಮ್ಮ ನಂಬಿಕೆಗೆ ಋಣಿ, ಇದನ್ನು ಮರೆಯುವುದಿಲ್ಲ ಅಂದರು. ಕೆಲಸ ಆಯಿತು ಅಂತ ನನ್ನ ಎದೆ ಹಗುರಾಯಿತು. ಅಂದು ವೇದಿಕೆಯ ಮೇಲೆ ನಾನು ಮಾಡಿದ ಸ್ವಾಗತ ಭಾಷಣಕ್ಕೆ ಜನ ಎರಡು ಸಲ ಚಪ್ಪಾಳೆ ಹೊಡೆದರು.

ಕಾರಿನಲ್ಲಿ ಹೆಂಡತಿಗೆ ಹೇಳಿದೆ. ಅವಳು ಕೂಡಲೇ ಕೇಳಿದಳು.

"ಕಳಸಬ್ಯಾಡ್ರಿ ಅಂತ ಅಂದ್ರಿ?"

"ಅಂದಂಗನ."

"ಅಂದಂಗನ ಅಂದ್ರ? ಅಂದ್ರ್ಯೋ, ಇಲ್ಲೋ?"

"ಅವ್ರು ತಿಳಕೊಂಡಾರ. ಕೈ ಹಿಡಕೊಂಡು ಕಣ್ಣಾಗ ನೀರ ತಂದ್ರು."

"ಈ ದೇಶದ ಮಂದಿ ಕಡೆ ಉಪ್ಪು ಬೇಕಂದ್ರೂ ಉಪ್ಪು ಕೊಡ್ರಿ ಅಂತನ ಅನಬೇಕ್ರಿ. ಇಪ್ಪತ್ತಾರು ವರ್ಷ ಆತು, ಇಷ್ಟು ಗೊತ್ತಾಗಲಿಲ್ಲೇನ?" ಅಂದು ಕಿಟಕಿಯ ಕಡೆ ಮುಖ ಮಾಡಿದಳು. ನಿನಗೆ ರಾಜಕೀಯ ತಿಳಿಯುವುದಿಲ್ಲ ಅಂದೆ. ಅವಳು ಈ ದೇಶದಲ್ಲಿ ಹದಿನಾಲ್ಕು ವರ್ಷ ಬೇಕರಿಯ ಕೌಂಟರಿನಲ್ಲಿ ನಿಂತವಳು, ನಾನು ಕಂಪ್ಯೂಟರಿನ ಮುಂದೆ ಕೂತವನು.

ಗುರುವಾರ ಮಧ್ಯಾಹ್ನ ಫ್ಯಾಕ್ಟರಿಯ ಕ್ಯಾಂಟೀನಿನ ಮೂಲೆಯ ಟೇಬಲ್ಲಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ಬುಂಡೆಸ್‌ಟಾಗ್‌ನ ನೇರ ಪ್ರಸಾರ ಹಾಕಿಕೊಂಡೆ. ತಟ್ಟೆಯಲ್ಲಿದ್ದ ಆಲೂಗಡ್ಡೆ ತಣ್ಣಗಾಯಿತು. ಪರ, ವಿರೋಧ ಮಾತುಗಳು ನಡೆದವು, ಆಮೇಲೆ ನಮ್ಮ ಸಂಸದರು ಎದ್ದರು. ನಾಲ್ಕು ನಿಮಿಷದ ಭಾಷಣದ ಮೂರನೆಯ ನಿಮಿಷದಲ್ಲಿ ಕಾಗದ ಪಕ್ಕಕ್ಕಿಟ್ಟರು.

ಕಳೆದ ಶನಿವಾರ ನನ್ನ ಕ್ಷೇತ್ರದಲ್ಲಿ ಭಾರತದಿಂದ ಬಂದ ಒಬ್ಬ ತಂದೆ ನನ್ನ ತಲೆಗೆ ರುಮಾಲು ಸುತ್ತಿದರು ಅಂದರು. ಅವರ ಒಬ್ಬಳೇ ಮಗಳು ನಮ್ಮ ಮೀಸಲು ಪಡೆಯಲ್ಲಿ ನರ್ಸ್, ಸ್ವಂತ ಇಚ್ಛೆಯಿಂದ ಹೆಸರು ಕೊಟ್ಟವಳು. ಆ ತಂದೆಗೆ ಇಲ್ಲಿ ಓಟಿನ ಹಕ್ಕು ಕೂಡ ಇಲ್ಲ. ಅವರು ನನ್ನಿಂದ ಏನನ್ನೂ ಕೇಳಲಿಲ್ಲ. ಎಲ್ಲ ನಿಮ್ಮ ಕೈಯಲ್ಲಿದೆ ಅಂದರು, ಹೆಮ್ಮೆಯಿದೆ ಅಂದರು. ತನ್ನ ಪಾಲಿಗೆ ಎಲ್ಲಕ್ಕಿಂತ ದೊಡ್ಡದನ್ನು ಒಬ್ಬ ಮನುಷ್ಯ ಈ ಸಭೆಯ ಕೈಗೆ ಒಪ್ಪಿಸಿದ್ದಾನೆ, ಅದಕ್ಕೆ ನಾವು ಅಂಜಿಕೆಯಿಂದ ಉತ್ತರ ಕೊಡೋಣವೇ?

ಸಭೆ ಚಪ್ಪಾಳೆ ಹೊಡೆಯಿತು. ನಾನು ತಟ್ಟೆ ದೂರ ಸರಿಸಿದೆ. ಆಮೇಲೆ ಸದಸ್ಯರು ಒಬ್ಬೊಬ್ಬರಾಗಿ ಎದ್ದು ತಮ್ಮ ಹೆಸರಿನ ಚೀಟಿಗಳನ್ನು ಪೆಟ್ಟಿಗೆಗೆ ಹಾಕಿದರು. ಒಪ್ಪಿಗೆಯಾದರೆ ನೀಲಿ, ಬೇಡವಾದರೆ ಕೆಂಪು. ದೂರದ ಕ್ಯಾಮೆರಾದಲ್ಲಿ ಬಣ್ಣ ಸರಿಯಾಗಿ ಕಾಣಲಿಲ್ಲ, ಕಾಣಬೇಕಾದ್ದೂ ಇರಲಿಲ್ಲ. ಕೆಲವರು ಬೇಡ ಅಂದರು, ಬಹಳ ಮಂದಿ ಹೌದು ಅಂದರು. ಕಾಯ್ದೆಯಲ್ಲಿ ಬರೆದಂತೆ ಒಂದಕ್ಷರ ಬಿಡದೆ ಎಲ್ಲ ನಡೆಯಿತು. ಆ ತಂದೆ ನೀವೇ ಅಲ್ಲವೇ ಅಂತ ಸಂಜೆಯೊಳಗೆ ಮೂವರು ಸಹೋದ್ಯೋಗಿಗಳು ಬಂದು ಬೆನ್ನು ತಟ್ಟಿದರು. ಹೌದು ಅಂದೆ, ಬೇರೆ ಏನು ಅನ್ನಲಿ.

ಮನೆಗೆ ಬಂದು ಕಂಪ್ಯೂಟರ್ ತೆರೆದು ಸಂಸದರಿಗೆ ಪತ್ರ ಬರೆಯಲು ಕೂತೆ. ನೀವು ನನ್ನ ಮಾತನ್ನು ತಿರುಚಿದ್ದೀರಿ ಅಂತ ಬರೆದು ಅಳಿಸಿದೆ, ತಿರುಚಿರಲಿಲ್ಲ. ನಾನು ಹೇಳಿದ್ದರ ಅರ್ಥ ಬೇರೆ ಅಂತ ಬರೆದೆ. ಮಗಳನ್ನು ಕಳಿಸಬೇಡಿ ಅನ್ನುವುದೇ ನನ್ನ ಬೇಡಿಕೆಯಾಗಿತ್ತು ಅಂತ ಮೊದಲ ಸಲ ನೇರವಾಗಿ ಬರೆದೆ. ಹಿಂದೆ ನಿಂತಿದ್ದ ಹೆಂಡತಿ ಓದಿದಳು.

"ಅವ್ರು ಏನರ ಸುಳ್ಳು ಹೇಳ್ಯಾರೇನ್ರಿ?" ಅಂತ ಕೇಳಿದಳು.

"ಇಲ್ಲ."

"ಮತ್ತ ಯಾರ ಮ್ಯಾಲೆ ಈ ಸಿಟ್ಟು?"

ಪತ್ರ ಕಳಿಸಲಿಲ್ಲ. ಬೇಡ ಅನ್ನುವ ಮಾತು ಬರೆಯಲು ನನಗೆ ಐದು ದಿನ ತಡವಾಗಿತ್ತು. ಅವಳು ಆ ರಾತ್ರಿ ಒಂದು ತುತ್ತೂ ಮುಟ್ಟಲಿಲ್ಲ.

ಶನಿವಾರ ಮಧ್ಯಾಹ್ನ ಮಗಳು ಬಂದಳು. ಬಂದವಳೇ ಕೋಟು ಕೂಡ ಬಿಚ್ಚದೆ ನನ್ನ ಎದುರಿನ ಕುರ್ಚಿಯಲ್ಲಿ ಕೂತಳು. ಹೆಂಡತಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಮಗಳ ಮುಖದಲ್ಲಿ ಅಂಥ ನಗು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಆಸ್ಪತ್ರೆಯಲ್ಲಿ ಎಲ್ಲರೂ ಭಾಷಣ ನೋಡಿದರಂತೆ, ಒಬ್ಬ ಸರ್ಜನ್ ಬಂದು ಕೈಕುಲುಕಿದರಂತೆ. ಜರ್ಮನ್‌ನಲ್ಲಿ ಬೇಗ ಬೇಗ ಹೇಳುತ್ತ ಹೋದಳು.

ನಿಮಗೆ ಒಂದು ವಿಷಯ ಗೊತ್ತಿಲ್ಲ ಅಂದಳು. ಬುಂಡೆಸ್‌ಟಾಗ್ ಒಪ್ಪಿದ ಮೇಲೂ ಮೀಸಲು ಪಡೆಯವರನ್ನು ಇಂಥ ಕಡೆ ಬಲವಂತವಾಗಿ ಕಳಿಸುವಂತಿಲ್ಲ. ನಮ್ಮದೇ ಕೊನೆಯ ಸಹಿ ಬೇಕು. ಆ ಕಾಗದ ಎರಡು ವಾರ ನನ್ನ ಬ್ಯಾಗಿನಲ್ಲೇ ಇತ್ತು. ಹೆಸರು ಕೊಟ್ಟ ದಿನದಿಂದಲೇ ನನಗೆ ಹೆದರಿಕೆ ಶುರುವಾಗಿತ್ತು, ಪಪ್ಪಾ. ಹಿಂದೆ ಸರಿಯಲು ಒಂದು ನೆಪ ಹುಡುಕುತ್ತಿದ್ದೆ. ಮಮ್ಮಿ ಬೇಡ ಅಂದರು, ಆದರೆ ಮಮ್ಮಿ ನನಗೆ ಸೈಕಲ್ ಕೂಡ ಬೇಡ ಅಂದವರು. ನಿಮಗೆ ಫೋನ್ ಮಾಡಿದಾಗ ನೀವು ಬೇಡ ಅನ್ನುತ್ತೀರಿ ಅಂತ ಕಾದೆ. ಅಂದಿದ್ದರೆ ಆ ಕ್ಷಣವೇ ಹರಿದು ಹಾಕುತ್ತಿದ್ದೆ. ನೀವು ಸರಿ, ನೋಡೋಣ ಅಂದಿರಿ. ನಾನು ಹೋದರೂ ಒಂದೇ, ಬಿಟ್ಟರೂ ಒಂದೇ ಅಂತ ನಿಮಗೆ ಅನಿಸಿದೆ ಅಂದುಕೊಂಡು ಬಹಳ ಅತ್ತೆ. ಗುರುವಾರ ಆ ಭಾಷಣ ಕೇಳಿದೆ. ಸಹಿ ಹಾಕಿ ಅವತ್ತೇ ಕಳಿಸಿಬಿಟ್ಟೆ.

ನಾನು ಟೇಬಲ್ಲಿನ ಅಂಚು ಹಿಡಿದುಕೊಂಡು ಕೂತಿದ್ದೆ. ಹನ್ನೊಂದು ವರ್ಷ ಮಾತಾಡದೆ ಕೂತಿದ್ದ ಅಣ್ಣ ಕಣ್ಣಮುಂದೆ ಬಂದ. ದೇಶದ ದೊಡ್ಡ ಸಭೆಯ ಬಾಗಿಲು ಬಡಿಯಲು ಹೋದೆ, ರೇಗನ್ಸ್‌ಬರ್ಗ್‌ಗೆ ಒಂದು ಫೋನ್ ಮಾಡಲು ನನ್ನಿಂದ ಆಗಲಿಲ್ಲ. ಒಂದೇ ಒಂದು ಶಬ್ದ ಸಾಕಿತ್ತು, ಅದಕ್ಕೆ ಓಟಿನ ಹಕ್ಕೂ ಬೇಕಿರಲಿಲ್ಲ.

"ಪಪ್ಪಾ, ಅವ್ರಿಗೆ ಹೇಳಿದ್ದು ನನಗ ಹೇಳ್ರಿ," ಅಂದಳು ಕನ್ನಡದಲ್ಲಿ. "ಒಮ್ಮೆ. ನಿಮ್ಮ ಬಾಯಿಂದ ಕೇಳಬೇಕು ನನಗ."

ಹೆಂಡತಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಎಲ್ಲವೂ ಕೇಳಿಸಿತ್ತು.

"ಹೆಮ್ಮಿ ಐತವ್ವಾ, ನನಗ," ಅಂದೆ. "ಭಾಳ ಹೆಮ್ಮಿ ಐತಿ."

ಮಗಳು ಎದ್ದು ಬಂದು ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಅವಳ ಭುಜದಾಚೆ ಹೆಂಡತಿ, ಈಗಲಾದರೂ ಹೇಳ್ರಿ ಅನ್ನುವಂತೆ, ನನ್ನನ್ನೇ ನೋಡುತ್ತಿದ್ದಳು. ನಾನು ಕಣ್ಣು ಮುಚ್ಚಿಕೊಂಡೆ.